ಸೂಜಿಮದ್ದಿನ ಹುಳಿ

ನೋವು ಕಳೆಯಬೇಕಾದ ಮದ್ದೇ ಮೊದಲು ನೋಯಿಸುವುದೇಕೆ? ಹಲ್ಲು ಕೀಳಿಸಿಕೊಳ್ಳಲು ಹೋದ ಅನೇಕರು ಕೇಳಿಕೊಂಡಿರುವ ಪ್ರಶ್ನೆಯಿದು. ಇದರ ಹಿಂದೆ ನೂರು ವರ್ಷಗಳಿಗೂ ಮೀರಿದ ಚರಿತ್ರೆಯುಂಟು.

1884ರಲ್ಲಿ ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೊಲ್ಲರನು, ಕೋಕಾ ಎಲೆಯಿಂದ ತೆಗೆದ ಕೊಕೇನನ್ನು ಹನಿಸಿ, ರೋಗಿಯು ಎಚ್ಚರವಾಗಿರುವಾಗಲೇ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದನು. ‘ಅರಿವಳಿಕೆ’ ಎಂದರೆ ಅರಿವಿನ ಅಳಿವು. ಇಲ್ಲಿಯಾದರೋ ಅಳಿಯುವುದು ಮದ್ದು ತಾಕಿದ ಎಡೆಯ ಅರಿವು ಮಾತ್ರ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಸಾವಿರಾರು ಬಡವರ ಕಣ್ಣಿನ ಪೊರೆ ತೆಗೆದರಷ್ಟೆ. ಅಂಥ ಶಿಬಿರಗಳು ಸಾಧ್ಯವಾದುದು ಈ ವಿದ್ಯೆಯಿಂದಲೇ.

ಕೊಕೇನು ಚಟ ಹಿಡಿಸುವ ವಸ್ತು. ಅದರ ಬದಲಿಗೆ 1905ರಲ್ಲಿ ಜರ್ಮನಿಯಲ್ಲಿ ನೊವೊಕೇನ್ ಬಳಕೆಗೆ ಬಂದಿತು. 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಮತ್ತು ಲುಂಡ್‌ಕ್ವಿಸ್ಟ್ ಎಂಬವರು ಲಿಡೊಕೇನನ್ನು ತಯಾರಿಸಿದರು. ನೀರಿನಲ್ಲಿ ಕರಗಿ ಬಹುಕಾಲ ಕೆಡದಿರಲೆಂದು ಈ ಮದ್ದನ್ನು ಆಮ್ಲರೂಪದಲ್ಲಿಡುತ್ತಾರೆ. ರಕ್ತ ಹರಿಯುವುದನ್ನು ತಗ್ಗಿಸಲು ಅಡ್ರಿನಲಿನ್ ಬೆರೆಸಿದರಂತೂ ಹುಳಿ ಇನ್ನೂ ಹೆಚ್ಚು. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಕಲ್ಪಿಸಿದ ಅಳತೆಯಲ್ಲಿ ನಮ್ಮ ರಕ್ತ 7.4, ಅಡ್ರಿನಲಿನ್ ಬೆರೆತ ಮದ್ದು ಸುಮಾರು 4. ಒಂದೊಂದು ಅಂಕೆಗೂ ಹತ್ತು ಪಟ್ಟು ವ್ಯತ್ಯಾಸವಾದುದರಿಂದ, ಈ ಹುಳಿ ರಕ್ತಕ್ಕಿಂತ ಸಾವಿರ ಪಟ್ಟಿಗೂ ಮಿಗಿಲು. ಗಾಯಕ್ಕೆ ನಿಂಬೆರಸ ತಾಕಿದಂತೆ ಉರಿಯುವುದು ಸಹಜವೇ.

ಪರಿಹಾರ ನಮ್ಮ ಅಡಿಗೆಮನೆಯಲ್ಲೇ ಇದೆ. ಹುಣಿಸೆರಸಕ್ಕೆ ಅಡಿಗೆ ಸೋಡ ಬಿದ್ದರೆ ನೊರೆಯೆದ್ದು ಹುಳಿ ತಗ್ಗುವುದನ್ನು ಗೃಹಿಣಿಯರು ಬಲ್ಲರು. ಅದೇ ವಸ್ತುವಿನ ಶುದ್ಧ ದ್ರಾವಣವನ್ನು, ಹತ್ತು ಪಾಲು ಮದ್ದಿಗೆ ಒಂದು ಪಾಲಿನಂತೆ, ಚುಚ್ಚುವ ಮುನ್ನ ಬೆರೆಸಿದರೆ ಉರಿ ಕಡಿಮೆಯಾಗುತ್ತದೆಂದು 1987ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಹಲವು ಪರೀಕ್ಷೆಗಳನ್ನು ಒಟ್ಟಾಗಿ ತೂಗಿದ 2010ರ ಸಮೀಕ್ಷೆಯೊಂದು ಇದನ್ನು ಸಮರ್ಥಿಸಿತು. ಹುಳಿ ತಗ್ಗಿದಾಗ ಮದ್ದಿನ ಹೆಚ್ಚು ಕಣಗಳು ವಿದ್ಯುದಂಶವಿಲ್ಲದ ರೂಪ ತಾಳಿ, ನರದ ಪೊರೆಯನ್ನು ಸುಲಭವಾಗಿ ದಾಟುತ್ತವೆ, ಮರಗಟ್ಟುವುದೂ ಬೇಗನಾಗಬಹುದು.

ಹಾಗಾದರೆ ಮೊದಲೇ ಬೆರೆಸಿ ಸೀಸೆಯಲ್ಲಿ ತುಂಬಿಡಬಾರದೆ? ಬಾರದು. ಹುಳಿ ಕಳೆದ ಮದ್ದು ಬಹುಕಾಲ ನಿಲ್ಲದು. ಅಡ್ರಿನಲಿನ್ ಕೆಡುತ್ತದೆ, ಮದ್ದು ಗಷ್ಟಾಗಿ ತಳಕ್ಕಿಳಿಯಲೂಬಹುದು. ಆದುದರಿಂದ ಬೆರೆಸಿದ ಕೂಡಲೆ ಬಳಸಬೇಕು. ಬೆರೆಸುವ ಅಳತೆಯೂ ನಿರ್ಧಾರವೂ ವೈದ್ಯರವು. ಮನೆಯ ಸೋಡಕ್ಕೆ ಇಲ್ಲಿ ಕೆಲಸವಿಲ್ಲ.

ಹೊಳೆನರಸೀಪುರದಂಥ ಊರುಗಳಲ್ಲಿ ಸೂಜಿಗೆ ಹೆದರಿ, ಲವಂಗ ಕಚ್ಚಿಕೊಂಡೇ ತಿಂಗಳುಗಟ್ಟಲೆ ಹಲ್ಲುನೋವು ನುಂಗುವವರುಂಟು. ಅಂಥವರ ಪಾಲಿಗೆ ಒಂದು ಹನಿ ಉರಿ ತಗ್ಗುವುದೂ ಸಣ್ಣ ಮಾತಲ್ಲ. “ಉರಿಯದಂತೆ ಚುಚ್ಚಲು ಉಪಾಯವುಂಟೆ?” ಎಂದು ವೈದ್ಯರನ್ನು ಕೇಳಲು ಸಂಕೋಚಪಡಬೇಕಾದುದಿಲ್ಲ.