ಡೆಲ್ಕೋ ಡಬ್ಬಿಯೊಳಗಿನ ಕಿಡಿ: ಪಾಯಿಂಟ್‌ನಿಂದ ಎಲೆಕ್ಟ್ರಾನಿಕ್ ಇಗ್ನಿಷನ್‌ವರೆಗೆ

ಹಳೇ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ರಿಪೇರಿ ಮಾಡಿದ ಮೆಕ್ಯಾನಿಕ್ ಯಾರಾದ್ರೂ ನಿಮಗೆ ಪರಿಚಯ ಇದ್ರೆ, ಅವರ ಬಾಯಲ್ಲಿ 'ಡೆಲ್ಕೋ' ಅನ್ನೋ ಪದ ಕೇಳಿರ್ತೀರಿ. ಡೆಲ್ಕೋ ಕ್ಯಾಪ್ ಒಡೆದಿದೆ, ಡೆಲ್ಕೋ ಸ್ವಲ್ಪ ತಿರುಗಿಸಿ ಟೈಮಿಂಗ್ ಕೂರಿಸಬೇಕು, ಹೀಗೆ. ಪುಸ್ತಕದಲ್ಲಿ ಇದರ ಹೆಸರು ಡಿಸ್ಟ್ರಿಬ್ಯೂಟರ್. ಗ್ಯಾರೇಜಿನ ಹೆಸರು ಬಂದಿದ್ದು ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನ ಒಂದು ಕಂಪನಿಯಿಂದ. ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ ಅನ್ನೋದರ ಮೊದಲಕ್ಷರ ಸೇರಿಸಿದ್ರೆ ಡೆಲ್ಕೋ. 1909ರಲ್ಲಿ ಶುರುವಾದ ಕಂಪನಿ, ಹೆಸರು ಮಾತ್ರ ನಮ್ಮ ಫುಟ್‌ಪಾತ್ ಗ್ಯಾರೇಜ್‌ವರೆಗೂ ಬಂದು ಕೂತಿದೆ.

ಆ ಕಂಪನಿಯ ಹಿಂದಿದ್ದವನು ಚಾರ್ಲ್ಸ್ ಕೆಟರಿಂಗ್. ಅಂಗಡಿಗಳ ಕ್ಯಾಶ್ ರಿಜಿಸ್ಟರ್‌ಗೆ ಎಲೆಕ್ಟ್ರಿಕ್ ಮೋಟರ್ ಕೂರಿಸಿದ ಎಂಜಿನಿಯರ್. ಹಗಲು ಆಫೀಸು, ರಾತ್ರಿ ಗೆಳೆಯ ಎಡ್ವರ್ಡ್ ಡೀಡ್ಸ್ ಮನೆಯ ಕೊಟ್ಟಿಗೆಯಲ್ಲಿ ಕಾರಿನ ಕೆಲಸ. ಸೈಡ್ ಪ್ರಾಜೆಕ್ಟ್ ಅಂದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ಕ್ಯಾಡಿಲಾಕ್‌ನ ಹೆನ್ರಿ ಲೇಲ್ಯಾಂಡ್ ಅವನ ಇಗ್ನಿಷನ್ ನೋಡಿ 8,000 ಸೆಟ್‌ಗೆ ಆರ್ಡರ್ ಕೊಟ್ಟ. ಅಲ್ಲಿಂದ ಮುಂದೆ ಸುಮಾರು ಅರವತ್ತು ವರ್ಷ ಪ್ರಪಂಚದ ಬಹುಪಾಲು ಪೆಟ್ರೋಲ್ ಕಾರುಗಳು ಇದೇ ತತ್ವದ ಮೇಲೆ ಓಡಿದವು.

ಕೆಲಸ ಏನು ಅಂತ ನೋಡೋಣ. ಬ್ಯಾಟರಿಯಲ್ಲಿ ಇರೋದು 12 ವೋಲ್ಟ್ (ಹಳೇ ಗಾಡಿಗಳಲ್ಲಿ 6). ಸಿಲಿಂಡರಿನೊಳಗೆ ಕಿಡಿ ಹಾರಬೇಕಾದ್ರೆ ಹತ್ತಿಪ್ಪತ್ತು ಸಾವಿರ ವೋಲ್ಟ್ ಬೇಕು. ಡೆಲ್ಕೋ ಒಳಗೆ ಎರಡು ಪುಟಾಣಿ ಲೋಹದ ಬಿಂದು ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಇದೇ ಪಾಯಿಂಟ್. ಮುಟ್ಟಿರುವಷ್ಟು ಹೊತ್ತು ಕಾಯಿಲ್‌ನಲ್ಲಿ ಕರೆಂಟ್ ಹರಿದು ಕಾಂತಕ್ಷೇತ್ರ ಬೆಳೆಯುತ್ತೆ. ತಿರುಗೋ ಕ್ಯಾಮ್ ಬಂದು ಪಾಯಿಂಟನ್ನ ಎತ್ತಿದ ತಕ್ಷಣ ಆ ಕ್ಷೇತ್ರ ಕುಸಿಯುತ್ತೆ, ಕಾಯಿಲ್‌ನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ಗೆ ಹೋಗುತ್ತೆ. ಪಾಯಿಂಟ್ ನಡುವೆಯೇ ಕಿಡಿ ಹಾರಿ ಸುಟ್ಟುಹೋಗದಿರಲಿ ಅಂತ ಪಕ್ಕದಲ್ಲಿ ಒಂದು ಕಂಡೆನ್ಸರ್. ಅಷ್ಟೇ.

ಈಗ ಲೆಕ್ಕ ಹಾಕಿ. ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದ್ರೆ, ಸೆಕೆಂಡಿಗೆ 100 ಕಿಡಿ. ಅಂದ್ರೆ ಆ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ತೆರೆದಾಗ ಇರೋ ಸಂದು ಸುಮಾರು 0.4 ಮಿಲಿಮೀಟರ್, ಒಂದು ದಪ್ಪ ವಿಸಿಟಿಂಗ್ ಕಾರ್ಡಿನಷ್ಟು. ಕ್ಯಾಮ್ ಮೇಲೆ ಉಜ್ಜೋ ಫೈಬರ್ ತುಂಡು ದಿನಾ ಇಷ್ಟಿಷ್ಟು ಸವೆಯುತ್ತೆ. ಸವೆದಂತೆ ಸಂದು ಕಮ್ಮಿ ಆಗುತ್ತೆ, ಪಾಯಿಂಟ್ ತಡವಾಗಿ ತೆರೆಯುತ್ತೆ, ಕಿಡಿ ತಡವಾಗುತ್ತೆ. ಬಿಂದುಗಳ ಮೇಲೆ ಕರಕು, ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬಟು. ಗಾಡಿ ಎಳೆಯಲ್ಲ, ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಇದು ಒಂದು ದಿನದಲ್ಲಿ ಆಗೋದಲ್ಲ, ನಿಧಾನಕ್ಕೆ ಆಗೋದರಿಂದ ಓಡಿಸೋವ್ರಿಗೆ ಗೊತ್ತೇ ಆಗೋದಿಲ್ಲ. ಅದಕ್ಕೇ ಕೆಲವು ಸಾವಿರ ಕಿಲೋಮೀಟರಿಗೊಮ್ಮೆ 'ಟ್ಯೂನಿಂಗ್' ಅಂತ ಗ್ಯಾರೇಜಿಗೆ ಹೋಗೋ ಪದ್ಧತಿ.

ಟ್ರಾನ್ಸಿಸ್ಟರ್ ಬಂದಿದ್ದು 1947ರಲ್ಲಿ. ಸವೆಯದ ಸ್ವಿಚ್ ಅದು. ಹಾಗಿದ್ರೆ ಕಾರಿನ ಕಂಪನಿಗಳು ತಕ್ಷಣ ಪಾಯಿಂಟ್ ಎಸೆದವಾ? ಇಲ್ಲ. ಮೊದಲು ಬಂದಿದ್ದು ರೇಸ್ ಕಾರಿಗೆ: 1962ರಲ್ಲಿ ಗ್ರಹಾಂ ಹಿಲ್ ಫಾರ್ಮುಲಾ ಒನ್ ಚಾಂಪಿಯನ್ ಆದಾಗ ಅವನ ಬಿಆರ್‌ಎಂ ಕಾರಿನಲ್ಲಿ ಲ್ಯೂಕಾಸ್‌ನ ಟ್ರಾನ್ಸಿಸ್ಟರ್ ಇಗ್ನಿಷನ್ ಇತ್ತು. ಅಷ್ಟು ವೇಗದಲ್ಲಿ ಪಾಯಿಂಟ್ ಕುಣಿಯೋಕೆ ಶುರು ಮಾಡುತ್ತೆ, ಸರಿಯಾಗಿ ಮುಚ್ಚೋದೇ ಇಲ್ಲ. 1963ರ ಪಾಂಟಿಯಾಕ್‌ನಲ್ಲಿ ಪಾಯಿಂಟೇ ಇಲ್ಲದ ಇಗ್ನಿಷನ್ ಕೊಟ್ರು, ಅದೂ ಹೆಚ್ಚು ದುಡ್ಡು ಕೊಟ್ಟು ಕೇಳಿದವರಿಗೆ ಮಾತ್ರ. ಹೆಚ್ಚು ಜನ ಕೇಳಲಿಲ್ಲ. ಯಾಕೆ ಕೇಳ್ತಾರೆ? ಪಾಯಿಂಟ್ ಅಗ್ಗ, ಮೂಲೆಗೊಬ್ಬ ಮೆಕ್ಯಾನಿಕ್ ಇದ್ದಾನೆ.

ಪಾಯಿಂಟನ್ನ ನಿಜವಾಗಿ ಹೊರಗೆ ಹಾಕಿದ್ದು ಹೊಗೆಯ ಕಾನೂನು ಅಂತ ನನ್ನ ಅಭಿಪ್ರಾಯ. ಅಮೆರಿಕದ 1970ರ ಕ್ಲೀನ್ ಏರ್ ಆಕ್ಟ್ ಹೇಳಿದ್ದು ಏನಂದ್ರೆ, ಹೊಸ ಗಾಡಿ ಶೋರೂಮಿನಲ್ಲಿ ಶುದ್ಧ ಹೊಗೆ ಬಿಟ್ರೆ ಸಾಲದು, 5 ವರ್ಷ ಅಥವಾ 50,000 ಮೈಲಿ ಓಡೋವರೆಗೂ ಮಿತಿಯೊಳಗೆ ಇರಬೇಕು. ನಮ್ಮ ಲೆಕ್ಕದಲ್ಲಿ 80,000 ಕಿಲೋಮೀಟರ್. ದಿನಾ ಸವೆಯೋ ಒಂದು ಫೈಬರ್ ತುಂಡನ್ನ ನಂಬಿಕೊಂಡು ಯಾವ ಕಂಪನಿ ಅಷ್ಟು ದೂರದ ಮಾತು ಕೊಡುತ್ತೆ? ಜೊತೆಗೆ ಕ್ಯಾಟಲಿಟಿಕ್ ಕನ್ವರ್ಟರ್ ಬರೋದಿತ್ತು. ಕಿಡಿ ತಪ್ಪಿದ್ರೆ ಸುಡದ ಪೆಟ್ರೋಲ್ ಅದರೊಳಗೆ ಹೋಗಿ ಉರಿದು ಅದನ್ನೇ ಹಾಳುಮಾಡುತ್ತೆ. ಕ್ರೈಸ್ಲರ್ 1973ರ ಮಾಡೆಲ್‌ಗಳಲ್ಲಿ, ಜನರಲ್ ಮೋಟರ್ಸ್ 1975ರಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನೇ ಮಾಮೂಲಿ ಮಾಡಿದವು. ಹತ್ತು ವರ್ಷ ಶೆಲ್ಫಿನಲ್ಲಿ ಕೂತಿದ್ದ ತಂತ್ರಜ್ಞಾನ, ಎರಡು ಮೂರು ವರ್ಷದಲ್ಲಿ ಎಲ್ಲಾ ಕಾರಿಗೂ ಬಂತು.

ಆದರೆ ರಸ್ತೆ ಮೇಲೆ ಆಗಲೇ ಇದ್ದ ಕೋಟಿಗಟ್ಟಲೆ ಗಾಡಿಗಳ ಕಥೆ? ಅಲ್ಲಿ ಹೊರಗಡೆಯ ಕಿಟ್‌ಗಳು ಬಂದವು. 1960ರ ದಶಕದಲ್ಲೇ ಕೊಲರಾಡೋದ ಡೆಲ್ಟಾ ಕಂಪನಿ 'ಮಾರ್ಕ್ ಟೆನ್' ಅನ್ನೋ ಪೆಟ್ಟಿಗೆ ಮಾರ್ತಿತ್ತು. ಬೇಕಾದ್ರೆ ಬಿಡಿಭಾಗ ತರಿಸಿ ನೀವೇ ಬೆಸುಗೆ ಹಾಕಿಕೊಳ್ಳಬಹುದಿತ್ತು. ಈ ಥರದ್ದರಲ್ಲಿ ಪಾಯಿಂಟ್ ಉಳಿಯುತ್ತೆ, ಆದರೆ ಅದರ ಮೇಲೆ ಕರೆಂಟಿನ ಭಾರ ಇಲ್ಲ, 'ಈಗ' ಅಂತ ಸನ್ನೆ ಮಾಡೋದಷ್ಟೇ ಕೆಲಸ. ಸುಡೋದು ನಿಂತಿತು, ಸವೆಯೋದು ನಿಲ್ಲಲಿಲ್ಲ. ಆಮೇಲಿನವು ಪಾಯಿಂಟನ್ನೇ ತೆಗೆದವು. ಇಂಗ್ಲೆಂಡಿನ ಲ್ಯೂಮೆನಿಷನ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನ ಬಳಸಿತು. ಪರ್ಟ್ರಾನಿಕ್ಸ್ ಥರದವು ಕ್ಯಾಮ್ ಮೇಲೆ ಅಯಸ್ಕಾಂತದ ಒಂದು ಬಳೆ ಕೂರಿಸಿ, ಪಕ್ಕದಲ್ಲಿ ಹಾಲ್ ಸೆನ್ಸರ್ ಇಟ್ಟವು. 1879ರಲ್ಲಿ ಎಡ್ವಿನ್ ಹಾಲ್ ಅನ್ನೋ ವಿದ್ಯಾರ್ಥಿ ತೆಳು ಚಿನ್ನದ ಹಾಳೆಯಲ್ಲಿ ಕಂಡುಹಿಡಿದ ವಿಷಯ ಅದು. ಉಪಯೋಗ ಸಿಗೋಕೆ ಎಷ್ಟು ವರ್ಷ ಬೇಕಾಯ್ತು ನೋಡಿ!

ನಮ್ಮ ದೇಶಕ್ಕೆ ಬರೋಣ. ಅಂಬಾಸಿಡರ್, ಪದ್ಮಿನಿ ದಶಕಗಟ್ಟಲೆ ಪಾಯಿಂಟ್ ಮೇಲೇ ಓಡಿದವು. ಕಾರು ಮಾತ್ರ ಅಲ್ಲ, ಅದರ ಸುತ್ತ ಒಂದು ಸರಬರಾಜೇ ಇತ್ತು: ಚೆನ್ನೈನ ಪಾಡಿಯಲ್ಲಿ ಲ್ಯೂಕಾಸ್-ಟಿವಿಎಸ್, ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ ಮಾಡ್ತಿದ್ದ ಮೈಕೋ. ಮೈಕೋ ಲೇಔಟಿನಲ್ಲಿ ಪಿಜಿಯಲ್ಲಿದ್ದು ಬಂದವರು ನಿಮ್ಮಲ್ಲಿ ಇದ್ದೇ ಇರ್ತೀರಿ, ಆ ಹೆಸರು ಇದೇ ಕಂಪನಿಯದು. ಮೆಕ್ಯಾನಿಕ್ ಹತ್ರ ಫೀಲರ್ ಗೇಜ್ ಇಲ್ಲದಿದ್ರೂ ನಡೀತಿತ್ತು. ಬೆಂಕಿಪೊಟ್ಟಣದ ಗೀರೋ ಪಟ್ಟಿಯಲ್ಲಿ ಬಿಂದು ಉಜ್ಜಿ, ಕಾರ್ಡ್ ತುಂಡು ಇಟ್ಟು ಸಂದು ನೋಡಿ, ಕಿವಿಯಲ್ಲೇ ಟೈಮಿಂಗ್ ಕೂರಿಸಿ ಕಳಿಸ್ತಿದ್ರು. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯ ಆಯ್ತು. ಇಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಆಗಿದ್ದೇ ಇಲ್ಲೂ ಆಯ್ತು. ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿದ್ದು 2023ರ ಅಕ್ಟೋಬರಿನಲ್ಲಿ. ಈಗ ಪಾಯಿಂಟ್ ಕೂರಿಸೋ ಕೈಗಳೂ ಕಮ್ಮಿ, ಬರೋ ಪಾಯಿಂಟ್‌ಗಳ ಗುಣಮಟ್ಟವೂ ಹೇಳೋ ಹಾಗಿಲ್ಲ. ಅಪ್ಪನ ಹಳೇ ಗಾಡಿಯನ್ನ ಪುಣೆಗೋ ಹೈದರಾಬಾದಿಗೋ ತಂದಿಟ್ಟುಕೊಂಡು ಭಾನುವಾರ ಓಡಿಸೋವ್ರು ಕಿಟ್ ಕಡೆ ತಿರುಗೋದು ಇದಕ್ಕೇ.

ಕೂರಿಸೋದು ಕಷ್ಟ ಅಲ್ಲ. ಕ್ಯಾಪ್, ರೋಟರ್ ತೆಗೆದು, ಪಾಯಿಂಟ್, ಕಂಡೆನ್ಸರ್ ಬಿಚ್ಚಿ, ಆ ಜಾಗದಲ್ಲಿ ಮಾಡ್ಯೂಲ್ ಕೂರಿಸಿ, ಕ್ಯಾಮ್‌ಗೆ ಬಳೆ ಹಾಕಿ, ಎರಡು ವೈರು ಕಾಯಿಲ್‌ಗೆ ಕೊಡೋದು. ಎಡವಟ್ಟು ಆಗೋದು ಬೇರೆ ಕಡೆ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಅರ್ತ್ ಆಗಿರಬಹುದು, ನೋಡದೆ ಜೋಡಿಸಿದ್ರೆ ಮಾಡ್ಯೂಲ್ ಆ ಕ್ಷಣವೇ ಹೋಯ್ತು. ಕಾಯಿಲ್‌ನ ರೆಸಿಸ್ಟೆನ್ಸ್ ಕಿಟ್ ಕೇಳಿದಷ್ಟೇ ಇರಬೇಕು, ಕಮ್ಮಿ ಇದ್ರೆ ಹೆಚ್ಚು ಕರೆಂಟ್ ಎಳೆದು ಮಾಡ್ಯೂಲ್ ಬಿಸಿಯಾಗುತ್ತೆ. ದಾರಿಯಲ್ಲಿ ಬ್ಯಾಲಾಸ್ಟ್ ರೆಸಿಸ್ಟರ್ ಇದ್ರೆ ಮಾಡ್ಯೂಲಿನ ವೈರನ್ನ ಅದಕ್ಕಿಂತ ಮುಂಚೆಯೇ ತಗೋಬೇಕು, ಪೂರ್ತಿ 12 ವೋಲ್ಟ್ ಸಿಗಲಿ ಅಂತ. ಪ್ಲಗ್ ವೈರ್ ಬರೀ ತಾಮ್ರದ್ದಾಗಿದ್ರೆ ಬದಲಿಸಿ. ಕೊನೆಗೆ ಟೈಮಿಂಗ್ ಲೈಟ್ ಹಿಡಿದು ಟೈಮಿಂಗ್ ಮತ್ತೆ ಕೂರಿಸಲೇಬೇಕು, ಹಳೇ ಗುರುತು ನಂಬೋ ಹಾಗಿಲ್ಲ. ಮತ್ತೆ ಎಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು ಪಾಟು ಕೇಳ್ತಾ ಕೂರೋ ಅಭ್ಯಾಸ ಇದ್ರೆ ಬಿಡಿ. ಕೆಲವು ಮಾಡ್ಯೂಲ್ ಅದರಿಂದಲೇ ಸುಡುತ್ತವೆ.

ಹಾಕಿಸಬೇಕಾ ಅಂತ ಕೇಳಿದ್ರೆ, ನಾನು ಹಾಕಿಸಿ ಅಂತೀನಿ. ಒಂದೇ ಸಂಗತಿ ನೆನಪಿರಲಿ. ಪಾಯಿಂಟ್ ಕೆಡೋದು ನಿಧಾನಕ್ಕೆ, ಮುಂಚೆಯೇ ಗೊಣಗುತ್ತೆ, ಹೆದ್ದಾರಿ ಬದಿಯಲ್ಲಿ ಉಜ್ಜಿ ಮನೆ ಸೇರಬಹುದು. ಮಾಡ್ಯೂಲ್ ಚೆನ್ನಾಗೇ ಇರುತ್ತೆ, ಇರುತ್ತೆ, ಒಂದು ದಿನ ಇರಲ್ಲ. ಅದಕ್ಕೇ ಬಿಚ್ಚಿದ ಪಾಯಿಂಟ್, ಕಂಡೆನ್ಸರ್, ಆ ಸಣ್ಣ ಸ್ಕ್ರೂ ಎಲ್ಲಾ ಒಂದು ಕವರಿಗೆ ಹಾಕಿ, ಸ್ಕ್ರೂಡ್ರೈವರ್ ಜೊತೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಬಿಡಿ.