ಓಟ ಒಂದು ದಿನ, ಊಟ ದಿನಾಲೂ

ಇವತ್ತಿನ ಸಂಚಿಕೆ ನಾಯಿಗಳ ಬಗ್ಗೆ, ಓಟದ ಬಗ್ಗೆ, ಮತ್ತೆ ಇನ್ನೊಬ್ಬರ ಹತ್ರ ದುಡ್ಡು ಕೇಳೋದರ ಬಗ್ಗೆ.

ಮೊದಲು ನನ್ನ ಕಥೆ. ಹೋದ ವರ್ಷ ನಾನು ಬೆಂಗಳೂರಲ್ಲಿ 10 ಕಿಲೋಮೀಟರ್ ಓಡಿದೆ. ಅದಕ್ಕೂ ಮುಂಚೆ ನಾನು ಓಡಿದ್ದ ಅತಿ ದೊಡ್ಡ ಓಟ ಅಂದ್ರೆ ಹೊರಟೇ ಬಿಟ್ಟ ಬಸ್ಸಿನ ಹಿಂದೆ ಓಡಿದ್ದು. ಊರಾಚೆ ಇರೋ ಒಂದು ನಾಯಿ ಆಶ್ರಯಕ್ಕೆ ಹಣ ಸೇರಿಸೋದು ನನ್ನ ಉದ್ದೇಶ. ಅಲ್ಲಿ ಸುಮಾರು 60 ನಾಯಿಗಳಿವೆ. ಗಾಡಿಗೆ ಸಿಕ್ಕಿ ಕಾಲು ಕಳ್ಕೊಂಡವು, ಮನೆಯವರೇ ತಂದು ಬಿಟ್ಟುಹೋದವು, ಕಣ್ಣು ಕಾಣದವು. 62 ಜನಕ್ಕೆ ವಾಟ್ಸಾಪ್ ಮಾಡಿದೆ. 23 ಜನ ಕೊಟ್ಟರು. ಒಟ್ಟು 41,300 ರೂಪಾಯಿ.

ಆ ಸಮಯದಲ್ಲೇ ಒಂದು ಗೃಹಪ್ರವೇಶದಲ್ಲಿ ನಮ್ಮ ಸೋದರಮಾವ ಸಿಕ್ಕಿದ್ರು. ಎಲೆ ಮುಂದೆ ಕೂತು ಎಲ್ಲರಿಗೂ ಕೇಳೋ ಹಾಗೆ ಅಂದ್ರು, "ಅಲ್ಲಮ್ಮಾ, ಮನುಷ್ಯರಿಗೇ ಊಟ ಇಲ್ಲ, ನೀನು ನಾಯಿಗೆ ದುಡ್ಡು ಎತ್ತುತೀಯಾ? ಅದೂ ಓಡಿ? ಓಡಿದ್ರೆ ನಾಯಿಗೆ ಏನು ಬಂತು?"

ಎಲ್ರೂ ನಕ್ಕರು. ನಾನೂ ನಕ್ಕೆ. ಆದರೆ ಅದರಲ್ಲಿ ಎರಡು ಒಳ್ಳೆ ಪ್ರಶ್ನೆ ಇದ್ವು. ನಾಯಿಗೇ ಯಾಕೆ? ಓಡೋದೇ ಯಾಕೆ?

ಮೂರನೇ ಪ್ರಶ್ನೆ ಹುಟ್ಟಿದ್ದು ಹಣ ಕೊಡೋಕೆ ಹೋದಾಗ. ಆಶ್ರಯ ನಡೆಸೋ ಅಕ್ಕ ಖುಷಿಯಾಗೇ ತಗೊಂಡ್ರು. ಒಂದು ನಾಯಿಗೆ ದಿನಕ್ಕೆ 40 ರೂಪಾಯಿ ಅಂತ ಬಾಯಲ್ಲೇ ಲೆಕ್ಕ ಹಾಕಿ, "ಹದಿನೇಳು ದಿನಕ್ಕೆ ಆಯ್ತು ಪುಟ್ಟಾ, ದೇವರು ಒಳ್ಳೇದು ಮಾಡ್ಲಿ" ಅಂದ್ರು. ಅವರು ಬೇಜಾರಲ್ಲಿ ಹೇಳಿದ್ದಲ್ಲ. ಆದರೆ ಬಿಕಾಂ ಓದಿದ ನನಗೆ ಆ ಹದಿನೇಳು ಅನ್ನೋ ಸಂಖ್ಯೆ ತಲೆಯಲ್ಲೇ ಉಳೀತು. ಮೂರು ತಿಂಗಳು ಬೆಳಿಗ್ಗೆ ಐದಕ್ಕೆದ್ದು ತಯಾರಿ, 62 ಜನರ ಮುಂದೆ ಕೈ ಒಡ್ಡಿದ್ದು, ಎಲ್ಲ ಸೇರಿ ಹದಿನೇಳು ದಿನದ ಊಟ. ಹದಿನೆಂಟನೇ ದಿನ?

ಈ ಮೂರೂ ಪ್ರಶ್ನೆ ಹಿಡ್ಕೊಂಡು ಇತಿಹಾಸಕ್ಕೆ ಹೋಗೋಣ ಬನ್ನಿ.

ಮಾವನ ಪ್ರಶ್ನೆ 1860ರದ್ದು

ಲಂಡನ್, 1860. ಮೇರಿ ಟೀಲ್ಬಿ ಅನ್ನೋ ಹೆಂಗಸು ತನ್ನ ಗೆಳತಿ ಸಾರಾ ಮೇಜರ್ ಮನೆಗೆ ಹೋಗ್ತಾಳೆ. ಬೀದಿಯಲ್ಲಿ ಹಸಿದು ಬಿದ್ದಿದ್ದ ಒಂದು ನಾಯೀನ ಆ ಗೆಳತಿ ಮನೆಗೆ ತಂದು ಆರೈಕೆ ಮಾಡ್ತಿರ್ತಾಳೆ. ಆ ನಾಯಿ ಉಳಿಯಲ್ಲ. ಆದರೆ ಟೀಲ್ಬಿ ತಲೆಯಲ್ಲಿ ಒಂದು ಯೋಚನೆ ಉಳಿಯುತ್ತೆ. ಅದೇ ವರ್ಷ ಹಾಲೊವೇ ಅನ್ನೋ ಕಡೆ, ಕುದುರೆ ಲಾಯದ ಜಾಗದಲ್ಲಿ, ಕಳೆದುಹೋದ ಮತ್ತು ಹಸಿದ ನಾಯಿಗಳಿಗೆ ಒಂದು ತಾತ್ಕಾಲಿಕ ಮನೆ ಶುರು ಮಾಡ್ತಾಳೆ. ಇವತ್ತು ಪ್ರಪಂಚಕ್ಕೆಲ್ಲ ಗೊತ್ತಿರೋ ಬ್ಯಾಟರ್‌ಸೀ ನಾಯಿಮನೆ ಅದೇ.

ಆಗ ಊರು ಏನಂತು ಗೊತ್ತಾ? ನಕ್ಕಿತು. 'ದಿ ಟೈಮ್ಸ್' ಪತ್ರಿಕೆ, ಇವರಿಗೆ ಬುದ್ಧಿ ಸ್ಥಿಮಿತದಲ್ಲಿದೆಯಾ ಅನ್ನೋ ಧಾಟಿಯಲ್ಲಿ ಲೇವಡಿ ಮಾಡಿ ಬರೆಯಿತು. ಬೀದಿಯಲ್ಲಿ ಅನಾಥ ಮಕ್ಕಳು ಮಲಗ್ತಿದ್ದ ಲಂಡನ್ ಅದು. ಅಲ್ಲಿ ನಾಯಿಗೆ ಮನೆಯಾ ಅನ್ನೋದು ಜನರ ಪ್ರಶ್ನೆ. ಅಂದ್ರೆ ನಮ್ಮ ಮಾವ ಕೇಳಿದ್ದು 160 ವರ್ಷಕ್ಕೂ ಹಳೇ ಪ್ರಶ್ನೆ.

ಗಾಳಿ ಸ್ವಲ್ಪ ತಿರುಗಿದ್ದು 1862ರಲ್ಲಿ. ಚಾರ್ಲ್ಸ್ ಡಿಕನ್ಸ್ ನಡೆಸ್ತಿದ್ದ ವಾರಪತ್ರಿಕೆಯಲ್ಲಿ ಒಂದು ಲೇಖನ ಬಂತು. ಒಂದು ಕಡೆ ದೊಡ್ಡವರ ಜಾತಿ ನಾಯಿಗಳ ಪ್ರದರ್ಶನ, ಅಲ್ಲಿಂದ ಸ್ವಲ್ಪ ದೂರದಲ್ಲೇ ಈ ಬಡ ನಾಯಿಗಳ ಮನೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ಲೇಖನ ಅದು. ಮೇರಿ ಟೀಲ್ಬಿ 1865ರಲ್ಲೇ ತೀರ್ಕೊಂಡಳು. ಸಂಸ್ಥೆ 1871ರಲ್ಲಿ ಬ್ಯಾಟರ್‌ಸೀಗೆ ಬಂತು. 1885ರಲ್ಲಿ ವಿಕ್ಟೋರಿಯಾ ರಾಣಿ ಪೋಷಕಿಯಾದಳು.

ಶುರು ಮಾಡಿದವಳು ಐದೇ ವರ್ಷದಲ್ಲಿ ಹೋದರೂ ಸಂಸ್ಥೆ ಯಾಕೆ ಸಾಯಲಿಲ್ಲ? ವರ್ಷವರ್ಷವೂ ಇಷ್ಟು ಅಂತ ವಂತಿಗೆ ಕೊಡೋರು ಇದ್ರು, ಸಾಯೋವಾಗ ಉಯಿಲಿನಲ್ಲಿ ಬರೆದಿಟ್ಟು ಹೋಗೋರು ಇದ್ರು. ಇವತ್ತಿಗೂ ಬ್ಯಾಟರ್‌ಸೀಯ ಆದಾಯದಲ್ಲಿ ಉಯಿಲಿನಿಂದ ಬರೋ ಪಾಲು ದೊಡ್ಡದು. ಇಷ್ಟೆಲ್ಲ ಇದ್ದೂ ಆ ಕಾಲದಲ್ಲಿ ಯಾರೂ ಹುಡುಕ್ಕೊಂಡು ಬರದ, ಮಾರಾಟವೂ ಆಗದ ಎಷ್ಟೋ ನಾಯಿಗಳನ್ನು ಅಲ್ಲೇ ಕೊಲ್ಲುತ್ತಿದ್ದರು. ಜಾಗಕ್ಕೂ ದುಡ್ಡಿಗೂ ಒಂದು ಮಿತಿ ಇತ್ತು. ಇದನ್ನ ಮುಚ್ಚಿಟ್ಟು ಹೇಳಿದ್ರೆ ಅದು ಇತಿಹಾಸ ಆಗಲ್ಲ.

ಮನುಷ್ಯರಿಗಾಗಿ ದುಡಿದ ನಾಯಿ

ಮಾವನಿಗೆ ನನ್ನ ಉತ್ತರ ಇಲ್ಲಿದೆ. ಲಂಡನ್ ಪಕ್ಕದ ಸ್ಲೌ ರೈಲ್ವೆ ನಿಲ್ದಾಣಕ್ಕೆ ಯಾವತ್ತಾದ್ರೂ ಹೋದ್ರೆ 5ನೇ ಪ್ಲಾಟ್‌ಫಾರ್ಮ್‌ನಲ್ಲಿ ಒಂದು ಗಾಜಿನ ಪೆಟ್ಟಿಗೆ ನೋಡಿ. ಒಳಗೆ ಒಂದು ನಾಯಿ. ಹೆಸರು ಜಿಮ್. 1896ರಲ್ಲಿ ಸತ್ತ ಆ ನಾಯಿಯ ಚರ್ಮಕ್ಕೆ ಒಳಗೆ ತುಂಬಿ, ಹಾಗೇ ನಿಲ್ಲಿಸಿದ್ದಾರೆ. ಅದಕ್ಕೂ ಜನರೇ ಚಂದಾ ಎತ್ತಿದ್ರು.

ಜಿಮ್ ಕೆಲಸ ಏನು? ಬೆನ್ನಿಗೆ ಕಟ್ಟಿದ ಡಬ್ಬಿಯಲ್ಲಿ ಹಣ ಸಂಗ್ರಹಿಸೋದು. ಯಾರಾದ್ರೂ ಕಾಸು ಹಾಕಿದ್ರೆ ಒಂದು ಸಲ ಬೊಗಳೋದು. ಆ ಕಾಸು ಹೋಗ್ತಿದ್ದದ್ದು ಗ್ರೇಟ್ ವೆಸ್ಟರ್ನ್ ರೈಲ್ವೆಯ ನೌಕರರ ವಿಧವೆಯರಿಗೆ, ಅನಾಥ ಮಕ್ಕಳಿಗೆ. ಒಂದ್ಸಲ ಸೌತಾಲ್‌ನಲ್ಲಿ ಆಸ್ಪತ್ರೆ ಸಹಾಯಾರ್ಥ ಮೆರವಣಿಗೆ ನಡೆದಾಗ ಅದರ ಡಬ್ಬಿಯಲ್ಲಿ 265 ನಾಣ್ಯ ಸಿಕ್ಕವು. ಅದರಲ್ಲಿ ಬೆಳ್ಳಿಯವು ಐದೇ. ಉಳಿದವೆಲ್ಲ ಬಡವರ ಚಿಲ್ಲರೆ ಕಾಸು. ಇಂಥ ನಾಯಿಗಳು ಆಗ ಇಂಗ್ಲೆಂಡಿನ ಬೇರೆ ನಿಲ್ದಾಣಗಳಲ್ಲೂ ಇದ್ವು.

ಅಂದ್ರೆ ಮನುಷ್ಯರಿಗೆ ಇಲ್ಲದಾಗ ನಾಯಿ ಡಬ್ಬಿ ಹೊತ್ತುಕೊಂಡು ಕೇಳಿತ್ತು. ಈಗ ನಾಯಿಗೆ ಇಲ್ಲ, ನಾವು ಬೆನ್ನಿಗೆ ನಂಬರ್ ಅಂಟಿಸ್ಕೊಂಡು ಕೇಳ್ತಿದ್ದೀವಿ. ಲೆಕ್ಕದ ಭಾಷೆಯಲ್ಲಿ ಹೇಳೋದಾದ್ರೆ ಹಳೇ ಬಾಕಿ ತೀರಿಸ್ತಿದ್ದೀವಿ, ಅಷ್ಟೇ.

ಓಡೋದೇ ಯಾಕೆ?

ದೇಹ ದಣಿಸಿ ದುಡ್ಡು ಎತ್ತೋ ಅಭ್ಯಾಸ ಧರ್ಮಕಾರ್ಯಕ್ಕಿಂತ ಮುಂಚೆ ಬಾಜಿಯಲ್ಲಿತ್ತು. 1809ರಲ್ಲಿ ಸ್ಕಾಟ್ಲೆಂಡಿನ ಕ್ಯಾಪ್ಟನ್ ಬಾರ್ಕ್ಲೆ, ಪ್ರತಿ ಗಂಟೆಗೆ ಒಂದು ಮೈಲಿಯಂತೆ ಸತತ ಸಾವಿರ ಗಂಟೆ ನಡೆದ. ಹಗಲು ರಾತ್ರಿ, ಸುಮಾರು 42 ದಿನ. ಬಾಜಿ ಸಾವಿರ ಗಿನಿ. ಒಬ್ಬ ಮನುಷ್ಯ ಕಷ್ಟಪಡ್ತಿದ್ದಾನೆ ಅಂದ್ರೆ ಜನ ನೋಡ್ತಾರೆ, ನೋಡಿದ್ರೆ ದುಡ್ಡು ಬಿಚ್ಚುತ್ತಾರೆ. ಆದರೆ ದುಡ್ಡು ಹೋಗಿದ್ದು ಗೆದ್ದವರ ಜೇಬಿಗೆ.

ಆ ಜೇಬಿನ ದಿಕ್ಕು ಬದಲಾಗಿದ್ದರ ದೊಡ್ಡ ಉದಾಹರಣೆ ಟೆರ್ರಿ ಫಾಕ್ಸ್. ಕೆನಡಾದ ಹುಡುಗ. ಕ್ಯಾನ್ಸರ್‌ಗೆ ಒಂದು ಕಾಲು ಕಳ್ಕೊಂಡಿದ್ದ. 1980ರ ಏಪ್ರಿಲ್‌ನಲ್ಲಿ, 21ನೇ ವಯಸ್ಸಲ್ಲಿ, ಕೃತಕ ಕಾಲಲ್ಲಿ ದೇಶದ ಪೂರ್ವ ತುದಿಯಿಂದ ಓಡೋಕೆ ಶುರು ಮಾಡಿದ. 143 ದಿನ, 5,373 ಕಿಲೋಮೀಟರ್. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ ನಿಲ್ಲಿಸಬೇಕಾಯ್ತು. ಪ್ರತಿ ಕೆನಡಿಯನ್‌ನಿಂದ ಒಂದು ಡಾಲರ್ ಬರಬೇಕು ಅನ್ನೋದು ಅವನಾಸೆ. 1981ರ ಫೆಬ್ರವರಿ ಹೊತ್ತಿಗೆ 2.4 ಕೋಟಿ ಡಾಲರ್ ಸೇರಿತ್ತು. ಆಗ ಕೆನಡಾದ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಅದೇ ವರ್ಷ ಜೂನ್‌ನಲ್ಲಿ ಅವನು ಹೋದ.

1981ರ ಮಾರ್ಚ್ 29ಕ್ಕೆ ಮೊದಲ ಲಂಡನ್ ಮ್ಯಾರಥಾನ್. ಶುರು ಮಾಡಿದವರು ಕ್ರಿಸ್ ಬ್ರಾಷರ್, ಜಾನ್ ಡಿಸ್ಲೆ. ಮುಂದಿದ್ದ ಅಮೆರಿಕದ ಡಿಕ್ ಬಿಯರ್ಡ್‌ಸ್ಲಿ ಮತ್ತು ನಾರ್ವೆಯ ಇಂಗೆ ಸಿಮೋನ್‌ಸನ್ ಕೈಕೈ ಹಿಡ್ಕೊಂಡು ಒಟ್ಟಿಗೇ ಗೆರೆ ದಾಟಿದ್ರು. ಅವರ ಹಿಂದೆ ಸಾವಿರಾರು ಮಾಮೂಲಿ ಜನ. ಅಂಗಡಿಯವರು, ಟೀಚರ್‌ಗಳು, ಗುಮಾಸ್ತರು. ಈ ಮಾಮೂಲಿ ಜನರೇ ಓಟವನ್ನು ದಾನದ ಜಾತ್ರೆ ಮಾಡಿದ್ದು. 2019ರ ಹೊತ್ತಿಗೆ ಅಲ್ಲಿ ಓಡಿದವರು ಸೇರಿಸಿದ ಒಟ್ಟು ಹಣ ನೂರು ಕೋಟಿ ಪೌಂಡ್ ದಾಟಿತ್ತು.

ಇದರ ಹಿಂದಿನ ವ್ಯಾಪಾರ ಸ್ವಲ್ಪ ಹೇಳ್ತೀನಿ. 2025ರ ಓಟಕ್ಕೆ ಲಾಟರಿಯಲ್ಲಿ ಹೆಸರು ಕೊಟ್ಟವರು 8.4 ಲಕ್ಷ ಜನ. ಓಡಿ ಮುಗಿಸಿದವರು 56 ಸಾವಿರ ಚಿಲ್ಲರೆ. ಅಂದ್ರೆ ಒಂದು ಜಾಗಕ್ಕೆ ಭಾರಿ ಬೇಡಿಕೆ. 1993ರಲ್ಲಿ 'ಗೋಲ್ಡನ್ ಬಾಂಡ್' ಅಂತ ಒಂದು ಯೋಜನೆ ಬಂತು. ಸೇವಾ ಸಂಸ್ಥೆಗಳು ಮೊದಲೇ ಹಣ ಕೊಟ್ಟು ಕೆಲವು ಜಾಗ ಖಾತ್ರಿ ಮಾಡ್ಕೊಳ್ತವೆ. ಆಮೇಲೆ, "ನಿನಗೆ ಜಾಗ ಕೊಡ್ತೀವಿ, ನೀನು ನಮಗೆ ಇಷ್ಟು ಹಣ ಸೇರಿಸಿಕೊಡು" ಅಂತ ಓಟಗಾರರ ಜೊತೆ ಮಾತಾಡ್ಕೊಳ್ತವೆ. ಬ್ಯಾಟರ್‌ಸೀಯಂಥ ನಾಯಿಮನೆಗಳ ಹೆಸರಿನ ಬನಿಯನ್ ಹಾಕಿ ಜನ ಲಂಡನ್ನಲ್ಲಿ ಓಡೋದು ಹೀಗೆ. ಘೇಂಡಾಮೃಗ ಉಳಿಸೋ ಸಂಸ್ಥೆಗಾಗಿ 1992ರಿಂದ ದೊಡ್ಡ ಘೇಂಡಾಮೃಗದ ವೇಷ ಹೊತ್ತು ಓಡೋರೂ ಇದ್ದಾರೆ.

ನಾನು ಓಡಿದ ಮೇಲೆ ಅರ್ಥ ಆಗಿದ್ದು ಇಷ್ಟು. ಕಾಲು ದುಡ್ಡು ತರಲ್ಲ. ದುಡ್ಡು ತರೋದು ಬಾಯಿ. ಸುಮ್ನೆ "ನಾಯಿಗೆ ಕೊಡಿ" ಅಂತ ಕೇಳೋಕೆ ನಮಗೆ ಸಂಕೋಚ. "ಓಡ್ತಿದ್ದೀನಿ, ಬೆಂಬಲ ಕೊಡಿ" ಅಂದ್ರೆ ಆ ಸಂಕೋಚ ಅರ್ಧ ಕರಗುತ್ತೆ. ನಾಯಿ ಕಂಡ್ರೆ ಆಗದವರೂ ನನ್ನ ಮುಖ ನೋಡಿ ನೂರು ರೂಪಾಯಿ ಹಾಕ್ತಾರೆ. ಜನ ನಕ್ಕು ಬದಿಗಿಡೋ ಕೆಲಸಕ್ಕೆ ಓಟ ಒಂದು ಮರ್ಯಾದೆ ತಂದುಕೊಡುತ್ತೆ. ಮಾವನ ಎರಡನೇ ಪ್ರಶ್ನೆಗೆ ಇದೇ ಉತ್ತರ.

ಒಂದು ನಾಯಿ, ಉಳಿದ ಐವತ್ತೊಂಬತ್ತು

ಇದರಲ್ಲೂ ಒಂದು ತೊಡಕಿದೆ. 2014ರಲ್ಲಿ ಈಕ್ವೆಡಾರ್ ದೇಶದಲ್ಲಿ ಸಾಹಸ ಓಟದ ವಿಶ್ವ ಚಾಂಪಿಯನ್‌ಶಿಪ್ ನಡೀತು. ಸ್ವೀಡನ್ ತಂಡದ ಮಿಕೇಲ್ ಲಿಂಡ್‌ನೋರ್ಡ್ ಒಂದು ಗಾಯಗೊಂಡ ಬೀದಿನಾಯಿಗೆ ತನ್ನ ಊಟದಲ್ಲಿದ್ದ ಮಾಂಸದ ಉಂಡೆ ಕೊಟ್ಟ. ಅಷ್ಟೇ. ಆ ನಾಯಿ ಕಾಡು, ಕೆಸರು, ಕೊನೆಗೆ ನೀರಲ್ಲಿ ಈಜಿಕೊಂಡು ತಂಡದ ಹಿಂದೆಯೇ ಬಂತು. ಆರ್ಥರ್ ಅಂತ ಹೆಸರಿಟ್ಟು ಸ್ವೀಡನ್‌ಗೆ ಕರ್ಕೊಂಡು ಹೋದ. ಪ್ರಪಂಚವೇ ಆ ನಾಯೀನ ಪ್ರೀತಿಸ್ತು.

ಆದರೆ ಆರ್ಥರ್ ಬಿಟ್ಟುಬಂದ ಬೀದಿಯಲ್ಲಿ ಉಳಿದ ನಾಯಿಗಳು? ನಮ್ಮ ಮನಸ್ಸು ಒಂದು ಮುಖಕ್ಕೆ ಕರಗುತ್ತೆ, ಸಂಖ್ಯೆಗೆ ಕರಗಲ್ಲ. ನನ್ನ ಪೋಸ್ಟರ್ ಮೇಲೂ ಒಂದೇ ನಾಯಿ ಇತ್ತು, ಮೂರು ಕಾಲಿನ ರಾಜು. ರಾಜುನ ನೋಡಿ ಕೊಟ್ಟರು, ಉಳಿದ ಐವತ್ತೊಂಬತ್ತೂ ಅದರಲ್ಲೇ ಉಂಡವು. ಲಿಂಡ್‌ನೋರ್ಡ್‌ಗೂ ಇದು ಹೊಳೆದಿರಬೇಕು. ಈಕ್ವೆಡಾರಿನ ಬೀದಿನಾಯಿಗಳಿಗಾಗಿ ಆರ್ಥರ್ ಹೆಸರಲ್ಲೇ ಒಂದು ಫೌಂಡೇಶನ್ ಮಾಡಿದ. ಆರ್ಥರ್ 2020ರಲ್ಲಿ ಸತ್ತುಹೋಯ್ತು. ಆ ಹೆಸರಲ್ಲಿ ಬೇರೆ ನಾಯಿಗಳಿಗೆ ಒಂದು ದಾರಿ ಆಯ್ತು.

ಆತಕೂರಿನ ಕಾಳಿ

ಈಗ ಮೂರನೇ ಪ್ರಶ್ನೆ, ಹದಿನೆಂಟನೇ ದಿನದ್ದು. ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಲಂಡನ್ನಲ್ಲಲ್ಲ, ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಲ್ಲಿ.

ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳರು ಸೋತಿದ್ದಾರೆ. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಡೆ ನಿಂತು ಕಾದಿದವನು ಗಂಗರ ಬೂತುಗ. ಬೂತುಗನ ಕೈಕೆಳಗೆ ಹೋರಾಡಿದ ವೀರ ಮಣಲೆರ. ಅವನ ಪರಾಕ್ರಮಕ್ಕೆ ಮೆಚ್ಚಿ ಬೂತುಗ, ಏನು ಬೇಕೋ ಕೇಳು ಅಂತಾನೆ. ಮಣಲೆರ ಕೇಳಿದ್ದು ಒಂದು ಬೇಟೆನಾಯಿ. ಹೆಸರು ಕಾಳಿ.

ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬೀಳುತ್ತೆ. ಎರಡೂ ಸಾಯ್ತವೆ. ಮಣಲೆರ ನಾಯಿಗಾಗಿ ಕಲ್ಲು ನಿಲ್ಲಿಸ್ತಾನೆ, ನಾಯಿ ಹಂದಿ ಹೋರಾಡೋ ಚಿತ್ರದ ಜೊತೆ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು. ಕಾಲೇಜಲ್ಲಿದ್ದಾಗ ನೋಡಿದ್ದೆ, ಆಗ ಸೆಲ್ಫಿ ತಗೊಂಡು ಮುಂದೆ ಹೋಗಿದ್ದೆ.

ಈಗ ಆ ಶಾಸನ ಓದಿದ್ರೆ ನನ್ನ ಕಣ್ಣು ನಿಲ್ಲೋದು ಕೊನೆಯ ಭಾಗದಲ್ಲಿ. ಕಲ್ಲು ನಿಲ್ಲಿಸಿದ್ರೆ ಕೆಲಸ ಮುಗೀತು ಅಂತ ಮಣಲೆರ ಬಿಡಲಿಲ್ಲ. ಅದರ ಪೂಜೆಗೆ ಅಂತ ಭೂಮಿ ಬಿಟ್ಟ. ಜೊತೆಗೆ ಒಂದು ಷರತ್ತು ಹಾಕಿದ. ಆ ಭೂಮಿ ನೋಡ್ಕೊಳ್ಳೋ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ್ರೆ, ನಾಯಿಯ ಪಾಪ ಅವನಿಗೆ ತಗಲುತ್ತೆ.

ಲೆಕ್ಕದ ಕಣ್ಣಲ್ಲಿ ನೋಡಿ. ಭೂಮಿ ಅಂದ್ರೆ ಮೂಲಧನ. ಬೆಳೆ ಅಂದ್ರೆ ಪ್ರತಿವರ್ಷದ ಆದಾಯ. ಗೊರವ ಅಂದ್ರೆ ಜವಾಬ್ದಾರಿ ಹೊತ್ತವನು. ಷರತ್ತು ಅಂದ್ರೆ ಆಡಿಟ್. ಯುದ್ಧದ ಬಿಸಿ, ಬೇಟೆಯ ರೋಮಾಂಚನ ಎಲ್ಲ ಒಂದು ದಿನದ್ದು ಅಂತ ಅವನಿಗೆ ಗೊತ್ತಿತ್ತು. ಸತ್ತ ನಾಯಿಯ ನೆನಪಿಗೇ ಇಷ್ಟು ವ್ಯವಸ್ಥೆ ಇತ್ತು. ನಾವು ಬದುಕಿರೋ ನಾಯಿಗೆ ಒಂದು ಓಟ ಓಡಿ, ಪದಕದ ಫೋಟೋ ಹಾಕಿ ಮರೀತೀವಿ.

ನಾನೂ ಮರೆಯೋಳೇ ಇದ್ದೆ, ಆ ಹದಿನೇಳು ಅನ್ನೋ ಸಂಖ್ಯೆ ಬಿಡಲಿಲ್ಲ. ಕೊಟ್ಟ 23 ಜನಕ್ಕೂ ಮತ್ತೆ ಮೆಸೇಜ್ ಮಾಡಿದೆ. ಈ ಸಲ ಓಟ ಇಲ್ಲ, ಪದಕ ಇಲ್ಲ. ತಿಂಗಳಿಗೆ 200 ರೂಪಾಯಿ ಯುಪಿಐ ಆಟೋಪೇ ಹಾಕ್ತೀರಾ ಅಂತ ಅಷ್ಟೇ. ಹದಿನಾಲ್ಕು ಜನ ನೀಲಿ ಟಿಕ್ ಕೊಟ್ಟು ಸುಮ್ಮನಾದ್ರು. ಒಂಬತ್ತು ಜನ ಹೂಂ ಅಂದ್ರು. ನಾನೂ ಸೇರಿ ಹತ್ತು. ತಿಂಗಳಿಗೆ ಎರಡು ಸಾವಿರ, ಒಂದು ದಿನದ ಊಟಕ್ಕೂ ಪೂರ್ತಿ ಸಾಲಲ್ಲ. ಆದರೆ ಅದು ನಿಂತಿಲ್ಲ. ಹನ್ನೊಂದು ತಿಂಗಳಾಯ್ತು.

ಆ ಒಂಬತ್ತರಲ್ಲಿ ಒಬ್ಬರು ನಮ್ಮ ಮಾವ. ಗೃಹಪ್ರವೇಶದ ಮಾತಿನ ಬಗ್ಗೆ ಆಮೇಲೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನೀವು ಓಡ್ತೀರಾ, ಓಡಿ. ಖಂಡಿತ ಓಡಿ, ಹೊಸಬರ ಹತ್ರ ಕೇಳೋಕೆ ಅದಕ್ಕಿಂತ ಒಳ್ಳೆ ನೆಪ ಇಲ್ಲ. ಕೊಡೋ ಮುಂಚೆ ರಸೀದಿ ಕೇಳಿ, ವರ್ಷದ ಲೆಕ್ಕ ಕೇಳಿ. ಕೇಳಿದ್ರೆ ಬೇಜಾರಾಗೋ ಕಡೆ ಕೊಡಬೇಡಿ. ಓಟ ಮುಗಿದ ಮಾರನೇ ದಿನ, ಕಾಲು ನೋವಿರುವಾಗಲೇ, ಕೊಟ್ಟವರಿಗೆ ಇನ್ನೊಂದು ಮೆಸೇಜ್ ಹಾಕಿ.

ಇವತ್ತಿಗೆ ಇಷ್ಟು. ಊಟ ಆಯ್ತಾ? ನಿಮ್ಮ ಬೀದಿಯವನದ್ದೂ ಆಯ್ತಾ ಅಂತ ಒಂದ್ಸಲ ಹೊರಗೆ ನೋಡಿ. ಮುಂದಿನ ವಾರ ಸಿಗೋಣ.