ತೀರ್ಪುಗಾರನೇ ಎದುರಾಳಿಯಾದಾಗ: ಜರ್ಮನಿಯ ಯುದ್ಧದಾಟದಲ್ಲಿ ಬಲಾಬಲದ ಲೆಕ್ಕ

ಮೇಜಿನ ಸುತ್ತ ಕೂತು ಆಡುವ ರೋಲ್-ಪ್ಲೇಯಿಂಗ್ ಆಟಗಳಲ್ಲಿ ಗೇಮ್ ಮಾಸ್ಟರ್‌ನನ್ನು ಬಿಡದೆ ಕಾಡುವುದು ಒಂದೇ ಪ್ರಶ್ನೆ: ಆಟಗಾರರ ಎದುರು ನಿಲ್ಲಿಸುವ ಶತ್ರು ಎಷ್ಟು ಬಲಶಾಲಿಯಾಗಿರಬೇಕು? ಈ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಹೊರಡುತ್ತಾರೆ. ನನ್ನ ಮಟ್ಟಿಗೆ ಒಂದೂವರೆ ಶತಮಾನ ಹಿಂದಕ್ಕೆ, ಪ್ರಷ್ಯದ ಸೇನೆಗೆ ಹೋಗದಿದ್ದರೆ ಪ್ರಶ್ನೆಯೇ ಸರಿಯಾಗಿ ಕಾಣುವುದಿಲ್ಲ.

1824ರಲ್ಲಿ ಫಿರಂಗಿ ದಳದ ಲೆಫ್ಟಿನೆಂಟ್ ರೈಸ್‌ವಿಟ್ಸ್ ತನ್ನ 'ಕ್ರೀಗ್ಸ್‌ಶ್ಪೀಲ್' (ಯುದ್ಧದಾಟ) ನಿಯಮಗಳನ್ನು ಪ್ರಕಟಿಸಿದ. ಇಂಥದೊಂದು ಆಟವನ್ನು ಅವನ ತಂದೆ 1812ರಲ್ಲೇ ದೊರೆಗೆ ತೋರಿಸಿದ್ದ. ಮಗ ಅದನ್ನು 1:8000 ಪ್ರಮಾಣದ ನಕ್ಷೆಯ ಮೇಲೆ ಇಳಿಸಿದ. ಒಂದು ಸರದಿ ಎಂದರೆ ರಣರಂಗದ ಎರಡು ನಿಮಿಷ. ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಮೆಚ್ಚಿ ಶಿಫಾರಸು ಮಾಡಿದ.

ರೈಸ್‌ವಿಟ್ಸ್‌ನ ಜಾಣ್ಮೆ ಇದ್ದುದು ದಾಳಗಳಲ್ಲಿ. ಎರಡು ದಳಗಳ ಬಲ ಸರಿಸಮವಾಗಿದ್ದರೆ ಒಂದು ದಾಳ, 3:2 ಇದ್ದರೆ ಇನ್ನೊಂದು. ಹಾಗೆಯೇ 2:1, 3:1, 4:1ಕ್ಕೆ ಬೇರೆ ಬೇರೆ. ಬಲಾಬಲದ ಲೆಕ್ಕ ದಾಳದ ಮುಖಗಳಲ್ಲೇ ಕೂತಿತ್ತು. ದಳ ಹಿಮ್ಮೆಟ್ಟಬಹುದಿತ್ತು, ಸೋಲಬಹುದಿತ್ತು ಅಥವಾ ಪೂರ್ತಿ ಚದುರಿಹೋಗಬಹುದಿತ್ತು. ಆದರೆ ಇಬ್ಬರಿಗೂ ಸಮಬಲ ಕೊಡಬೇಕೆಂಬ ಹಟ ಆಟ ನಡೆಸುವ ತೀರ್ಪುಗಾರನಿಗೆ ಇರಲಿಲ್ಲ. ಯುದ್ಧದಲ್ಲಿ ಸಮಬಲ ಸಿಗುವುದು ಅಪರೂಪ. ಅಧಿಕಾರಿ ಕಲಿಯಬೇಕಾದ್ದೂ ಅದನ್ನೇ. ಎರಡೂ ಪಕ್ಷಗಳಲ್ಲಿ ಮನುಷ್ಯರೇ ಆಡುತ್ತಿದ್ದರು, ತೀರ್ಪುಗಾರ ನಡುವೆ ನಿಂತಿದ್ದ.

ದಾಳಗಳ ಜೊತೆಗಿದ್ದ ಕೋಷ್ಟಕಗಳ ಭಾರ ಬರುಬರುತ್ತಾ ಹೆಚ್ಚಿತು. 1876ರಲ್ಲಿ ಪ್ರಷ್ಯದ ಸೇನಾಧಿಕಾರಿ ಫೆರ್ಡಿ ದು ವೆರ್ನ್ವಾ ದಾಳ, ಕೋಷ್ಟಕ ಎರಡನ್ನೂ ಬದಿಗಿಟ್ಟು, ಅನುಭವಿ ಅಧಿಕಾರಿಯ ಮಾತೇ ತೀರ್ಪು ಎಂದ. ಈ ಪರಂಪರೆ ಅಮೆರಿಕದ ಟಾಟನ್‌ನ ಯುದ್ಧದಾಟದ ಪುಸ್ತಕದ (1880) ಮೂಲಕ ಮಿನ್ನೆಸೋಟದ ಡೇವಿಡ್ ವೆಸ್ಲಿಯ ಕೈಸೇರಿತು. 1969ರಲ್ಲಿ ಅವನು ನಡೆಸಿದ ಆಟಕ್ಕೆ ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಜರ್ಮನ್ ಊರಿನ ಹೆಸರೇ ಇತ್ತು. ಅಲ್ಲಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಟ್ಟಿದ ಆರ್ನೆಸನ್, ಗೈಗ್ಯಾಕ್ಸ್.

ಜರ್ಮನಿಗೆ ಮರಳಿದ ಈ ಪರಂಪರೆಯ ಒಂದು ಫಲ 1984ರಲ್ಲಿ ಉಲ್ರಿಷ್ ಕೀಸೋವ್ ರೂಪಿಸಿದ ರೋಲ್-ಪ್ಲೇಯಿಂಗ್ ಆಟ 'ದಸ್ ಶ್ವಾರ್ತ್ಸೆ ಔಗೆ'. ಇಷ್ಟರಲ್ಲಿ ತೀರ್ಪುಗಾರನ ಕುರ್ಚಿಗೆ ಎರಡನೆಯ ಕೆಲಸವೂ ಬಂದಿತ್ತು. 'ಮೈಸ್ಟರ್' (ಈ ಆಟದ ಗೇಮ್ ಮಾಸ್ಟರ್) ಶತ್ರುಗಳನ್ನೂ ತಾನೇ ಆಡಿಸಬೇಕು, ತೀರ್ಪನ್ನೂ ತಾನೇ ಕೊಡಬೇಕು. ಕಾಳಗದ ಕಷ್ಟವನ್ನು ತೂಗಿ ನೋಡುವ ಗರಜು ಹುಟ್ಟಿದ್ದು ಇಲ್ಲಿ.

ಈ ಆಟದ ಕಾಳಗದಲ್ಲಿ ಹೊಡೆಯುವವನು ಇಪ್ಪತ್ತು ಮುಖದ ದಾಳ ಉರುಳಿಸಿ ತನ್ನ ದಾಳಿಯ ಅಂಕಕ್ಕೆ ಸಮ ಅಥವಾ ಕಡಿಮೆ ಪಡೆಯಬೇಕು. ಎದುರಾಳಿ ಅದೇ ರೀತಿ ತಡೆಯ ದಾಳ ಉರುಳಿಸುತ್ತಾನೆ. ದಾಳಿ 10, ತಡೆ 8 ಎಂದಿಟ್ಟುಕೊಳ್ಳಿ: ಏಟು ತಗಲುವ ಸಾಧ್ಯತೆ ಶೇ. 30. ಇಬ್ಬರೂ ಪಳಗಿ ಎರಡೂ ಅಂಕ 15ಕ್ಕೇರಿದರೆ ಅದು ಶೇ. 19ಕ್ಕೂ ಕೆಳಗಿಳಿಯುತ್ತದೆ. ಅಂದರೆ ವೀರರು ಬಲಿತಷ್ಟೂ ಕಾಳಗ ಎಳೆಯುತ್ತದೆ! ಇನ್ನು ಒಬ್ಬನ ಮೇಲೆ ಇಬ್ಬರು ಬಿದ್ದರೆ? ಹಿಂದಿನ ನಿಯಮಗಳಲ್ಲಿ ಒಂದು ಸುತ್ತಿನಲ್ಲಿ ಒಂದೇ ತಡೆಯಿದ್ದುದರಿಂದ ಎರಡನೆಯ ಹೊಡೆತಕ್ಕೆ ಅಡ್ಡಿಯಿರಲಿಲ್ಲ, ಶೇ. 30 ಇದ್ದದ್ದು ಒಮ್ಮೆಲೇ ಶೇ. 50. ಹಾಗಾಗಿ ಒಂದು ದೈತ್ಯ ರಾಕ್ಷಸನಿಗಿಂತ ಆರು ಬಡಕಲು ಕಳ್ಳರು ಅಪಾಯಕಾರಿಯಾಗಬಹುದು. ಶತ್ರುವಿನ ಅಂಕಗಳನ್ನಷ್ಟೇ ನೋಡಿ ಕಾಳಗ ಜೋಡಿಸಿದ ಮೈಸ್ಟರ್ ಎಡವುವುದು ಇಲ್ಲಿಯೇ.

2000ದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೆಯ ಆವೃತ್ತಿ ಪ್ರತಿ ಪ್ರಾಣಿಗೂ ಸವಾಲಿನ ಅಂಕ ಕೊಟ್ಟಿತು. ರೈಸ್‌ವಿಟ್ಸ್‌ನ ಕೋಷ್ಟಕ ಹೊಸ ವೇಷದಲ್ಲಿ ಮರಳಿತೆನ್ನಬಹುದು. ಆದರೂ ಒಂದು ವ್ಯತ್ಯಾಸವನ್ನು ಯಾವ ಕೋಷ್ಟಕವೂ ತುಂಬಿಲ್ಲ. ಪ್ರಷ್ಯದ ಆಟದಲ್ಲಿ ಸೋತ ಅಧಿಕಾರಿ ಆಟ ಮುಗಿದ ಮೇಲೆ ವಿಮರ್ಶೆಗೆ ಕೂರುತ್ತಿದ್ದ. ರೋಲ್-ಪ್ಲೇಯಿಂಗ್ ಆಟದಲ್ಲಿ ವೀರ ಸತ್ತರೆ ಅವನನ್ನು ವರ್ಷಗಟ್ಟಲೆ ಆಡಿಸಿದವನು ಹೊಸ ಹಾಳೆ ತೆಗೆದು ಮೊದಲಿನಿಂದ ಅಂಕ ಬರೆಯಬೇಕು. ಕೈಮೀರಿದ ಕಾಳಗದಲ್ಲಿ ಮೈಸ್ಟರ್ ರಟ್ಟಿನ ಪರದೆಯ ಹಿಂದೆ ದಾಳದ ಫಲವನ್ನು ಗುಟ್ಟಾಗಿ ಬದಲಿಸುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಫೆರ್ಡಿಯ ತೀರ್ಪುಗಾರನಿಗೂ ಅಷ್ಟೇ ಅಧಿಕಾರವಿತ್ತು, ಆದರೆ ಕಾರಣವನ್ನು ಅವನು ಎಲ್ಲರೆದುರು ಹೇಳಬೇಕಿತ್ತು.